ಗುಂಪಿನ ಬಾಲ ಕಾಯುವ ಉಮ್ ವನೀಸ್

ಕಬ್ಬಿನ ಗದ್ದೆಗಳ ಮೇಲೆ ಜನರನ್ನು ಹೊತ್ತ ಬಿಸಿಗಾಳಿ ಬಲೂನುಗಳು ಒಂದೊಂದಾಗಿ ಏಳುತ್ತಿವೆ. ಬಸ್ ಹತ್ತಲು ನಿಂತ ವಿದೇಶಿ ಪ್ರವಾಸಿಗರೆಲ್ಲ ಕತ್ತೆತ್ತಿ ಅವುಗಳ ಫೋಟೊ ತೆಗೆಯುತ್ತಿದ್ದಾರೆ. ಲಕ್ಸರ್‌ನ ನದಿಯ ಪಶ್ಚಿಮ ದಂಡೆಯ ಈ ಹೋಟೆಲಿನ ಮುಂದೆ ಆಕಾಶ ನೋಡದೆ ನಿಂತಿರುವವರು ಅವಾತೆಫ್ ಬಿಷಾಯ್ ಒಬ್ಬರೇ. ಅವರ ಕಣ್ಣು ಪ್ರವಾಸಿಗರ ಬೆನ್ನಿನ ಮೇಲೆ, ಚೀಲದ ಮೇಲೆ, ಬೂಟುಗಳ ಸವೆದ ಹಿಮ್ಮಡಿಗಳ ಮೇಲೆ.

“ಮುಖ ನಂಗೆ ನೆನಪಿರಲ್ಲ. ದಿನವಿಡೀ ನಾನು ನೋಡೋದು ಬೆನ್ನು. ಬೆಳಿಗ್ಗೆ ಒಂದ್ಸಲ ಸರಿಯಾಗಿ ನೋಡ್ಕೊಂಡ್ರೆ ಸಂಜೆವರೆಗೂ ಮರೆಯಲ್ಲ,” ಎನ್ನುತ್ತಾರೆ.

ಪುರಾತನ ಸಮಾಧಿ, ದೇವಾಲಯಗಳನ್ನು ತಜ್ಞರೊಬ್ಬರ ವಿವರಣೆಯೊಂದಿಗೆ ತೋರಿಸುವ ಪ್ರವಾಸ ಕಂಪನಿಯೊಂದರಲ್ಲಿ ಅವಾತೆಫ್ ಅವರದು ಗುಂಪಿನ ಕೊನೆಯಲ್ಲಿ ನಡೆಯುವ ಕೆಲಸ. ತಜ್ಞರು ಮುಂದೆ, ಅವಾತೆಫ್ ಹಿಂದೆ, ನಡುವೆ ಕಂಪನಿ ಹಂಚಿದ ಇಪ್ಪತ್ತು ಚಿಲ್ಲರೆ ನೀಲಿ ಟೋಪಿಗಳು. ಹಿಂದುಳಿದವರನ್ನು ಮುಂದಕ್ಕೆ ತಳ್ಳುವುದು, ಕುಸಿದು ಕೂತವರಿಗೆ ಮಡಚುವ ಸ್ಟೂಲು ಬಿಚ್ಚಿಕೊಡುವುದು, ಮರೆತ ಕನ್ನಡಕ ಎತ್ತಿಕೊಳ್ಳುವುದು, ಗೋಡೆಯ ಮೇಲೆ ಬರೆದ ರಣಹದ್ದನ್ನು ಏಳನೇ ಸಲ ಫೋಟೊ ತೆಗೆಯುತ್ತಿರುವವರ ಕಿವಿಯ ಹತ್ತಿರ ನಿಂತು “ಮೇಡಂ, ಬಸ್” ಎನ್ನುವುದು, ಎಲ್ಲ ಅವರ ಪಾಲಿಗೆ. ಪ್ರವಾಸದ ಕರಪತ್ರದಲ್ಲಿ ತಜ್ಞರ ಭಾವಚಿತ್ರವಿದೆ, ಬಸ್ಸಿನ ಚಿತ್ರವೂ ಇದೆ. ಅವಾತೆಫ್ ಅವರ ಹೆಸರಿಲ್ಲ.

ಮಗ ವನೀಸ್. ಹಾಗಾಗಿ ಊರಿಗೆಲ್ಲ ಅವರು ‘ಉಮ್ ವನೀಸ್’, ವನೀಸನ ಅಮ್ಮ. ಗಂಡ ಬಿಷಾಯ್ ಅಲಬಾಸ್ಟರ್ ಎಂಬ ಬಿಳಿ ಕಲ್ಲಿನ ಹೂಜಿ ಕೊರೆಯುತ್ತಿದ್ದರು. ಕಲ್ಲಿನ ದೂಳು ಎದೆಗಿಳಿದ ಮೇಲೆ ಮನೆಯ ಜಗಲಿ ಬಿಟ್ಟು ಏಳಲಾಗಲಿಲ್ಲ. ಅವಾತೆಫ್ ಹೋಟೆಲಿನಲ್ಲಿ ಹಾಸಿಗೆ ವಸ್ತ್ರ ಒಗೆಯಲು ಸೇರಿದರು. ಒಂದು ದಿನ ಅಲ್ಲಿ ಪ್ರವಾಸಿ ಅಜ್ಜಿಯೊಬ್ಬರು ಮಹಿಳೆಯರ ಶೌಚಾಲಯದೊಳಗೆ ಜಾರಿಬಿದ್ದರು. ಬಾಗಿಲ ಹೊರಗೆ ಗಂಡಸರು ನಿಂತು ಸಲಹೆ ಕೊಡುತ್ತಿದ್ದರಂತೆ. ಒಳಗೆ ಹೋಗಿ ಎತ್ತಿಕೊಂಡು ಬಂದವರು ಅವಾತೆಫ್. ಗುಂಪಿನ ಜೊತೆ ಒಬ್ಬ ಹೆಂಗಸು ಇರಬೇಕೆಂದು ಕಂಪನಿಗೆ ಅಂದು ಹೊಳೆಯಿತು.

ಚಳಿಗಾಲದಲ್ಲಿ ಬಿಡುವಿಲ್ಲ, ಬೇಸಿಗೆಯಲ್ಲಿ ಕೆಲಸವಿಲ್ಲ. ದೂರದಲ್ಲೆಲ್ಲೋ ಗಲಭೆಯಾದರೆ ಚಳಿಗಾಲದಲ್ಲೂ ಇಲ್ಲ. ಮಂಡಿ ಊದಿದರೆ ಬಿಸಿ ಉಪ್ಪಿನ ಶಾಖ. ಮಧ್ಯಾಹ್ನದ ಊಟ ಬಿಸಿಲಿಗಿಟ್ಟು ಉಬ್ಬಿಸಿದ ಮನೆಯ ರೊಟ್ಟಿ, ಬೇಯಿಸಿದ ಅವರೆ. ಅದನ್ನೂ ಅವರು ನಿಂತೇ ತಿನ್ನುತ್ತಾರೆ, ಯಾಕೆಂದರೆ ಕೂತರೆ ಯಾರಾದರೂ ಹೊರಟುಬಿಡುತ್ತಾರೆ.

ಕಳೆದ ತಿಂಗಳು ಕರ್ನಾಕ್ ದೇವಾಲಯದಲ್ಲಿ ಒಂದು ಎಡವಟ್ಟಾಯಿತು. ನೀಲಿ ಟೋಪಿ ಸಗಟಿನಲ್ಲಿ ಅಗ್ಗ, ಹಾಗಾಗಿ ಲಕ್ಸರ್‌ನ ಅರ್ಧ ಕಂಪನಿಗಳದ್ದೂ ನೀಲಿಯೇ. ಬಸ್ಸಿನಲ್ಲಿ ತಲೆ ಎಣಿಸಿದಾಗ ಲೆಕ್ಕ ಸರಿಯಿತ್ತು. ನದಿ ದಾಟಿ ಮುಂದಿನ ತಾಣ ಮುಟ್ಟಿದ ಮೇಲೆ ಗೊತ್ತಾಯಿತು: ಇವರ ಗುಂಪಿನ ಹೆಂಗಸೊಬ್ಬರು ಕರ್ನಾಕ್‌ನ ಕಂಬವೊಂದರ ಹಿಂದೆ ಚಿತ್ರ ಬರೆಯುತ್ತಾ ಉಳಿದಿದ್ದರು, ಅವರ ಜಾಗದಲ್ಲಿ ಬೇರೆ ಗುಂಪಿನ ಗಂಡಸೊಬ್ಬ ಆರಾಮಾಗಿ ಕೂತಿದ್ದ. ಕೇಳಿದರೆ, “ನಿಮ್ಮ ತಜ್ಞರು ಚೆನ್ನಾಗಿ ಹೇಳ್ತಾರೆ, ಅದಕ್ಕೇ ಬಂದೆ” ಎಂದನಂತೆ.

ಮ್ಯಾನೇಜರು ಅವಾತೆಫ್ ಅವರನ್ನು ಕರೆದು ಎರಡೇ ಮಾತು ಹೇಳಿದರು: ಇನ್ನೊಂದು ಸಲ ಯಾರಾದರೂ ತಪ್ಪಿಸಿಕೊಂಡರೆ ಕೆಲಸಕ್ಕೆ ಬರಬೇಡಿ. ಅಂದಿನಿಂದ ಅವರು ತಲೆ ಎಣಿಸುವುದನ್ನು ಬಿಟ್ಟು ಬೆನ್ನು ಗುರುತಿಟ್ಟುಕೊಳ್ಳುತ್ತಿದ್ದಾರೆ.

“ಏನು ಉಮ್ ವನೀಸ್, ಇವತ್ತು ಯಾರನ್ನ ಬಿಟ್ಟು ಬರ್ತೀಯ, ಯಾರನ್ನ ಕದ್ದು ತರ್ತೀಯ?” ಬಸ್ ಚಾಲಕ ನೂಬಿ ಸ್ಟಿಯರಿಂಗ್ ಹಿಂದಿನಿಂದ ಕೆಣಕುತ್ತಾರೆ.

“ನಿನ್ನನ್ನೇ ಬಿಟ್ಟು ಬರ್ತೀನಿ. ಯಾರೂ ಹುಡುಕಲ್ಲ.”

ಇಂದು ಶುಕ್ರವಾರ. ಹಳೆಯ ದೊರೆಗಳ ಸಮಾಧಿಗಳಿರುವ ರಾಜರ ಕಣಿವೆ ಮುಗಿಸಿ ಗುಂಪು ಖುರ್ನಾ ಗುಡ್ಡಕ್ಕೆ ಹೋಗಬೇಕು. ಅಲ್ಲಿ ಸಾರ್ವಜನಿಕರಿಗೆ ಮುಚ್ಚಿರುವ ಸಮಾಧಿಯೊಂದನ್ನು ವಿಶೇಷ ಅನುಮತಿಯ ಮೇಲೆ ಇವರಿಗಾಗಿ ತೆರೆಯುತ್ತಾರೆ. ಬೀಗದ ಕೈ ಹಿಡಿದು ಕಾಯುವ ಪುರಾತತ್ವ ಇಲಾಖೆಯ ಇನ್‌ಸ್ಪೆಕ್ಟರ್ ರಿಫಾತ್ ಮಧ್ಯಾಹ್ನದ ನಮಾಜಿಗೆ ಮೊದಲು ಬಾಗಿಲು ಮುಚ್ಚಿ ಮಸೀದಿಗೆ ಹೋಗಬೇಕು. ಪ್ರವಾಸಿಗರಲ್ಲಿ ಹೆಚ್ಚಿನವರು ಈ ಪ್ರವಾಸ ಆರಿಸಿಕೊಂಡದ್ದೇ ಆ ಒಂದು ಸಮಾಧಿಗಾಗಿ. ಅದು ತಪ್ಪಿದರೆ ದೂರು ಯಾರ ತಲೆಗೆ ಬರುತ್ತದೆಂದು ಅವಾತೆಫ್ ಅವರಿಗೆ ಗೊತ್ತು. “ಮುಂದಿನವರು ತಡ ಮಾಡಿದ್ರೂ ತಪ್ಪು ಹಿಂದಿನವಳದ್ದೇ.”

ಮುಂದಿನವರೆಂದರೆ ಡಾಕ್ಟರ್ ಮಮ್ದೂಹ್. ಕೈರೋದ ನಿವೃತ್ತ ಪ್ರಾಧ್ಯಾಪಕ, ಎತ್ತರದ ಮನುಷ್ಯ, ಮಾತಿಗೆ ನಿಂತರೆ ಕಲ್ಲೂ ಕಿವಿಗೊಡಬೇಕು. ಅವಾತೆಫ್ ಅವರ ದೃಷ್ಟಿಯಲ್ಲಿ ತೊಂದರೆ ಇರುವುದೂ ಅಲ್ಲೇ. ಕಣಿವೆಯ ಸಮಾಧಿಗಳೊಳಗೆ ವಿವರಣೆ ಕೊಡುವಂತಿಲ್ಲ. ಹೊರಗಿನ ಚಪ್ಪರದಡಿ ಹೇಳಿ, ಪ್ರವಾಸಿಗರನ್ನು ಒಳಗೆ ಕಳಿಸಿ, ತಜ್ಞರು ಹೊರಗೇ ಕಾಯಬೇಕು. ಡಾಕ್ಟರಿಗೆ ಸುಮ್ಮನೆ ಕಾಯಲು ಬರುವುದಿಲ್ಲ.

ಗುಂಪು ಸಮಾಧಿಯಿಂದ ಹೊರಬರುತ್ತದೆ. ಚಪ್ಪರದಲ್ಲಿ ಜನಜಂಗುಳಿ. ಡಾಕ್ಟರು ಕಾಣದ್ದರಿಂದ ಬಸ್ಸಿಗೆ ಹೋಗಿರಬೇಕೆಂದು ಎಲ್ಲರೂ ಪುಟ್ಟ ವಿದ್ಯುತ್ ಗಾಡಿ ಹತ್ತಿ ಕಣಿವೆಯ ಬಾಗಿಲಿಗೆ ಬಂದುಬಿಡುತ್ತಾರೆ. ಎಲ್ಲರಿಗಿಂತ ಹಿಂದೆ, ವಿಲ್ಮಾ ಎಂಬ ಡಚ್ ಶಾಲಾ ಶಿಕ್ಷಕಿಯನ್ನು ಮುಂದಕ್ಕೆ ಹೊರಡಿಸಿಕೊಂಡು ಅವಾತೆಫ್ ಬರುತ್ತಾರೆ. ಪ್ರತಿ ಗೋಡೆಯ ಮುಂದೂ ಬೇರು ಬಿಡುವವರು ಈ ವಿಲ್ಮಾ. ಬಸ್ಸಿನಲ್ಲಿ ಬೆನ್ನುಗಳೆಲ್ಲ ಇವೆ. ಮುಂದಿನ ಸೀಟು ಖಾಲಿ.

“ಡಾಕ್ಟ್ರೆಲ್ಲಿ?”

ನೂಬಿ ತುಟಿ ಕೊಂಕಿಸುತ್ತಾರೆ. “ನಿನ್ನ ಲೆಕ್ಕದಲ್ಲಿ ಅವರಿಲ್ವಲ್ಲ.”

“ಫೋನ್ ಮಾಡು.”

“ಮಾಡ್ದೆ. ಇಲ್ಲೇ ಸೀಟಿನ ಮೇಲೆ ಹೊಡ್ಕೊಳ್ತಿದೆ.”

ಅವಾತೆಫ್ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಾರೆ. ಬಾಲ ಕಾಯುವವಳು ಬಾಲ ಬಿಟ್ಟು ಹೋಗುವಂತಿಲ್ಲ. ಅವರು ಅತ್ತ ಹೋದರೆ ಇತ್ತ ಒಬ್ಬರು ನೀರಿಗೆ, ಒಬ್ಬರು ಪೋಸ್ಟ್‌ಕಾರ್ಡಿಗೆ, ಒಬ್ಬರು ನಾಯಿಮರಿಗೆ ಅಂತ ಇಳಿಯುತ್ತಾರೆ. ಹೋಗದಿದ್ದರೆ ಸಮಾಧಿಯೂ ಇಲ್ಲ, ಕೆಲಸವೂ ಇಲ್ಲ. ಬಸ್ಸನ್ನೊಮ್ಮೆ ನೋಡಿ, ಅವರು ವಿಲ್ಮಾರನ್ನು ಎಬ್ಬಿಸಿ ಬಾಗಿಲಿಗೆ ಕರೆತರುತ್ತಾರೆ. ತಮ್ಮ ಸ್ಟೂಲನ್ನು ಮೆಟ್ಟಿಲ ಮೇಲೆ ಬಿಚ್ಚಿಟ್ಟು ಅದರ ಮೇಲೆ ಕೂರಿಸುತ್ತಾರೆ. ತಮಗೆ ಬರುವ ಇಂಗ್ಲಿಷಿನಲ್ಲೇ ಅಪ್ಪಣೆ: “ಯೂ ಲಾಸ್ಟ್. ನೋಬಡಿ ಔಟ್.”

ನೂಬಿ ನಗುತ್ತಾರೆ. “ಕಳ್ಳನ ಕೈಗೇ ಬೀಗದ ಕೈ ಕೊಟ್ಟೆಯಲ್ಲೇ ತಾಯಿ.”

“ಬೇಲಿ ಎಲ್ಲಿ ಮುರಿದಿದೆ ಅಂತ ಕಳ್ಳನಿಗೇ ಗೊತ್ತಿರೋದು. ನೀನು ಎಂಜಿನ್ ನೋಡ್ಕೊ.”

ಮತ್ತೆ ಗಾಡಿ ಹತ್ತಿ ಕಣಿವೆಯೊಳಗೆ. ಚಪ್ಪರದಡಿ ನೀಲಿ ಟೋಪಿಗಳ ಸಾಲು, ಅವುಗಳ ಆಚೆ ಡಾಕ್ಟರ ಎತ್ತಿದ ಕೈ. ಅವಾತೆಫ್ ಹಿಂದಿನಿಂದ ಒಂದು ಸಲ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಒಂದು ಬೆನ್ನೂ ತಮ್ಮದಲ್ಲ. ತಮ್ಮವರು ಸಮಾಧಿಯೊಳಗಿದ್ದಾಗ ಖಾಲಿಯಾದ ಬೆಂಚಿನ ಮೇಲೆ ಬೇರೆ ಗುಂಪು ಬಂದು ಕೂತಿದೆ. ಟೋಪಿ ನೀಲಿ ಇದ್ದದ್ದರಿಂದ ಡಾಕ್ಟರು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಮುಂದುವರಿಸಿದ್ದಾರೆ. ಆ ಗುಂಪಿನ ಗೈಡು ಪಕ್ಕದ ಕಲ್ಲಿನ ಮೇಲೆ ಕೂತು ಚಹಾ ಹೀರುತ್ತಿದ್ದಾನೆ.

“ಅವರನ್ನ ಕರ್ಕೊಂಡು ಹೋಗ್ಬೇಡಿ ಚಿಕ್ಕಮ್ಮಾ, ಪುಣ್ಯ ಬರುತ್ತೆ. ನನಗೆ ಬೆಳಿಗ್ಗೆಯಿಂದ ಗಂಟಲು ನೋವು,” ಎನ್ನುತ್ತಾನೆ.

“ನಿನ್ನ ಗಂಟಲಿಗೆ ನಮ್ಮ ಡಾಕ್ಟ್ರು ಔಷಧಿನಾ? ಸ್ವಲ್ಪವೂ ನಾಚಿಕೆ ಇಲ್ವಲ್ಲಪ್ಪ ನಿಂಗೆ.” ಅವಾತೆಫ್ ಸಾಲುಗಳ ನಡುವೆ ನುಗ್ಗುತ್ತಾರೆ. “ಡಾಕ್ಟ್ರೇ, ಬಸ್ಸು.”

ಸೂರ್ಯ ರಾತ್ರಿಯ ಹನ್ನೆರಡು ಗಂಟೆಗಳಲ್ಲಿ ದೋಣಿಯೇರಿ ಪಾತಾಳ ದಾಟುವ ಕಥೆಯ ನಡುವೆ ಇದ್ದಾರೆ ಡಾಕ್ಟರು. “ಒಂದೇ ನಿಮಿಷ, ಉಮ್ ವನೀಸ್. ಐದನೇ ಗಂಟೆಗೆ ಬಂದಿದ್ದೀನಿ. ಇನ್ನು ಏಳೇ ಬಾಕಿ.”

“ಸೂರ್ಯ ಹೇಗೋ ಹುಟ್ಕೊಳ್ತಾನೆ, ಡಾಕ್ಟ್ರೇ. ಅಲ್ಲಿ ರಿಫಾತ್ ಕಾಯಲ್ಲ.”

“ಆದ್ರೆ ಇವರಿಗೆ ಅರ್ಧಂಬರ್ಧ ಹೇಳಿ...”

“ಇವರು ಯಾರು ಅಂತ ಒಂದ್ಸಲ ನೋಡಿ.”

ಡಾಕ್ಟರು ನೋಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ. “ಅದಕ್ಕೇ ಅಂದ್ಕೊಂಡೆ, ಇವತ್ತು ಯಾರೂ ಅಡ್ಡಪ್ರಶ್ನೆ ಕೇಳ್ತಿಲ್ವಲ್ಲ ಅಂತ.”

ಗಾಡಿ ಹತ್ತುವಾಗ ಆ ಗುಂಪಿನ ಒಬ್ಬಾತ ಕಥೆಯ ಮುಂದಿನ ಭಾಗದ ಆಸೆಗೆ ಹಿಂದೆಯೇ ಬರುತ್ತಾನೆ. ಅವಾತೆಫ್ ಅವನ ಭುಜ ಹಿಡಿದು ತಿರುಗಿಸಿ, ಬೆನ್ನು ನೋಡಿ, ಚಪ್ಪರದತ್ತ ವಾಪಸ್ ಕಳಿಸುತ್ತಾರೆ.

ಬಸ್ಸಿನ ಬಾಗಿಲಲ್ಲಿ ವಿಲ್ಮಾ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಾರೆ. ಯಾರೂ ಇಳಿದಿಲ್ಲ. ಶೌಚಾಲಯಕ್ಕೆಂದು ಎದ್ದ ಜರ್ಮನ್ ಹಿರಿಯರೊಬ್ಬರನ್ನೂ ಅವರು ಬಿಟ್ಟಿಲ್ಲ. ಆ ಹಿರಿಯರ ಮುಖ ಕೆಂಪಾಗಿದೆ. ಅವರಿಗೆ ಮೊದಲು ದಾರಿ ಬಿಡಿಸಿ, ಶೌಚಾಲಯದ ಬಾಗಿಲ ಮುಂದೆ ನಿಂತು ಕಾದು, ವಾಪಸ್ ಕರೆತಂದ ಮೇಲೆಯೇ ಬಸ್ ಹೊರಡುತ್ತದೆ.

ಖುರ್ನಾ ಗುಡ್ಡದ ಬುಡದಲ್ಲಿ ರಿಫಾತ್ ಬೀಗದ ಕೈಯನ್ನು ಆಗಲೇ ಜೇಬಿಗಿಟ್ಟುಕೊಂಡಿದ್ದಾರೆ. “ಹೋಗೋದ್ರಲ್ಲಿದ್ದೆ,” ಎನ್ನುತ್ತಾರೆ. ಅವಾತೆಫ್ ಡಾಕ್ಟರನ್ನು ಬೊಟ್ಟು ಮಾಡಿ ತೋರಿಸುತ್ತಾರೆ. ರಿಫಾತ್ ನಿಟ್ಟುಸಿರು ಬಿಟ್ಟು ಗುಡ್ಡ ಹತ್ತುತ್ತಾರೆ. ಡಾಕ್ಟರು ಏದುಸಿರಿನಲ್ಲೇ ಹತ್ತುತ್ತಾ ವಿವರಣೆ ಕೊಡುತ್ತಾರೆ, ಬಾಗಿಲ ಹತ್ತಿರ ವಾಕ್ಯ ಮುಗಿಯುವ ಮೊದಲೇ ಅವಾತೆಫ್ “ಮಿಕ್ಕಿದ್ದು ಬಸ್ಸಲ್ಲಿ” ಎಂದು ಎಲ್ಲರನ್ನೂ ಒಳಗೆ ನುಗ್ಗಿಸುತ್ತಾರೆ. ತಾವು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಒಳಗಿನ ಬಣ್ಣಗಳನ್ನು ನೋಡಿ ಎಲ್ಲರೂ ಹೊರಬರುತ್ತಾರೆ. ಒಂದೊಂದೇ ಬೆನ್ನು ಇಳಿಜಾರಿನಲ್ಲಿ ಇಳಿಯುತ್ತದೆ.

ರಿಫಾತ್ ಟಾರ್ಚ್ ಹಿಡಿದು ಒಳಗೆಲ್ಲ ನೋಡಿ ಬರುತ್ತಾರೆ. ಬೀಗ ಹಾಕುವ ಮುನ್ನ ಅವರ ಕಣ್ಣು ಡಾಕ್ಟರ ಕಡೆ ಹೋಗುವುದಿಲ್ಲ.

“ಎಲ್ಲಾ ಬಂದ್ರಾ, ಉಮ್ ವನೀಸ್?”

“ಬಂದ್ರು.”

ಆಮೇಲೆ ಬೀಗ ಬೀಳುತ್ತದೆ, ಬಾಗಿಲಿಗೆ ಬಿಗಿದ ತಂತಿಯ ಮೇಲೆ ಇಲಾಖೆಯ ಮುದ್ರೆ ಬೀಳುತ್ತದೆ. ಕೆಳಗಿನ ಮಸೀದಿಯಿಂದ ಬಾಂಗ್ ಕೇಳಿಸುತ್ತದೆ.

ಮ್ಯಾನೇಜರ ಫೋನು ಬರುವುದು ಇಳಿಜಾರಿನಲ್ಲಿ. ನೂಬಿ ಎಲ್ಲ ಹೇಳಿದ್ದಾರೆ. ಕೆಲಸ ಬಿಡಿಸುವ ಮಾತು ಬರುವುದಿಲ್ಲ, ಸೋಮವಾರದ ಗುಂಪಿಗೆ ಬೆಳಿಗ್ಗೆ ಬೇಗ ಬನ್ನಿ ಎಂಬ ಮಾತು ಬರುತ್ತದೆ.

“ಯಾವ ಡಾಕ್ಟ್ರು?” ಅವಾತೆಫ್ ಕೇಳುತ್ತಾರೆ. ಉತ್ತರ ಕೇಳಿಸಿಕೊಂಡು ಫೋನನ್ನು ಚೀಲಕ್ಕೆ ಹಾಕುತ್ತಾರೆ. “ಇದೇ ಮನುಷ್ಯ. ದೇವ್ರೇ ಕಾಪಾಡಬೇಕು.”

ಕೆಳಗೆ ಡಾಕ್ಟರು ದಾರಿಯ ನಡುವೆ ನಿಂತು ವಿಲ್ಮಾರಿಗೆ ಏನನ್ನೋ ತೋರಿಸುತ್ತಿದ್ದಾರೆ. ಗುಂಪು ಅರ್ಧ ಮುಂದೆ, ಅರ್ಧ ಹಿಂದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವಾತೆಫ್ ಮಂಡಿ ಒತ್ತಿಕೊಳ್ಳುತ್ತಾ ಅತ್ತ ನೋಡುತ್ತಾರೆ.

“ಈ ಮನುಷ್ಯ ಒಂದು ದಿನ ಮಾತು ಪೂರ್ತಿ ಮಾಡ್ಲಿ. ನಾನೂ ಕೂತು ಕೇಳ್ಬೇಕು. ಇಷ್ಟು ವರ್ಷದಲ್ಲಿ ಅವರ ಒಂದು ಕಥೆನೂ ಕೊನೆವರೆಗೆ ಕೇಳಿಲ್ಲ. ಪ್ರತಿ ಸಲ ನಾನೇ ಅಲ್ವಾ ಅರ್ಧಕ್ಕೆ ಎಳ್ಕೊಂಡು ಬರೋದು.”