ಬ್ರೇಕ್ ಮೇಡಂ ಆರಿಸಿದ ಗಾಡಿ

ಇಪ್ಪತ್ತನಾಲ್ಕು ವರ್ಷ ಡ್ರೈವಿಂಗ್ ಕಲಿಸಿದ ಮೇಡಮ್ಮಿಗೆ ಜನ ಇಟ್ಟ ಹೆಸರು ಬ್ರೇಕ್ ಮೇಡಂ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರು ಕೂರುವ ಎಡಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಆಕ್ಸಿಲರೇಟರ್ ಮಾತ್ರ ಇರುವುದಿಲ್ಲ. ಅಂದರೆ ಅರ್ಧ ಆಯುಷ್ಯವನ್ನು ಮೇಡಂ ಗಾಡಿ ನಿಲ್ಲಿಸುತ್ತಲೇ ಕಳೆದಿದ್ದರು. ಓಡಿಸುವ ಭಾಗ್ಯವೆಲ್ಲ ಪಕ್ಕದ ಸೀಟಿನವರದು.

ಬಲಗಾಲು ಈ ಕೆಲಸಕ್ಕೆ ಎಷ್ಟು ಒಗ್ಗಿಹೋಗಿತ್ತೆಂದರೆ, ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಿತ್ತು. ಒಮ್ಮೆ ಸಿನಿಮಾ ನೋಡುವಾಗ ತೆರೆಯ ಮೇಲೆ ಲಾರಿ ಅಡ್ಡ ಬಂತೆಂದು ಮುಂದಿನ ಸಾಲಿನವರ ಕುರ್ಚಿಯನ್ನೇ ಒದ್ದು ಬೈಸಿಕೊಂಡಿದ್ದರು. ಟೈಲರ್ ಆಗಿದ್ದ ಅವರ ಯಜಮಾನರು ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದರು. ಮೇಡಮ್ಮೂ ನಗುತ್ತಿದ್ದರು. ಆದರೆ ಒಳಗೊಳಗೇ ಒಂದು ಅಳುಕು ಅವರನ್ನು ಕೊರೆಯುತ್ತಿತ್ತು: ತಮಗೆ ಗಾಡಿ ಓಡಿಸಲು ಬರುತ್ತದೆಯೋ, ಬರೀ ನಿಲ್ಲಿಸಲು ಬರುತ್ತದೆಯೋ?

ಹಾಗಾಗಿ ಕೆಲಸ ಬಿಟ್ಟ ಮರುವಾರವೇ ಸ್ವಂತಕ್ಕೊಂದು ಕಾರು ಎಂದು ಹಟ ಹಿಡಿದರು. ಅದೂ ಅಂತಿಂಥ ಕಾರಲ್ಲ. ಹಳೆಯ ಕಾರು ಮಾರುವ ಶಿಷ್ಯನೊಬ್ಬನಿದ್ದ, ಮೂರು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ನಾಲ್ಕನೇ ಸಲ ಲೈಸೆನ್ಸ್ ಕಂಡವನು. ಅವನ ಶೆಡ್ಡಿನಲ್ಲಿ ಎರಡು ಗಾಡಿ ಅವರ ಕಣ್ಣಿಗೆ ಬಿದ್ದಿದ್ದವು. ಒಂದು ಹಳದಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಹಗುರ ಮೈ, ಸ್ಟಿಯರಿಂಗ್ ಹಾಗೆ ಮುಟ್ಟಿದರೆ ಸಾಕು, ಹೀಗೆ ತಿರುಗುವಂಥದು. ಇನ್ನೊಂದು ಕಡುನೀಲಿ ಮಸಲ್ ಕಾರು, ನೇರ ದಾರಿಯಲ್ಲಿ ನುಗ್ಗುವ ಪೈಲ್ವಾನ್ ಗಾಡಿ. ಉದ್ದ ಮೂತಿ, ಎಂಟು ಸಿಲಿಂಡರು, ನಿಂತಲ್ಲೇ ಗುರುಗುಟ್ಟಿದರೂ ಶೆಡ್ಡಿನ ತಗಡು ಅದುರುತ್ತಿತ್ತು.

"ಹಳದೀದು ನಿನ್ನ ಅಳತೆಗೇ ಹೊಲಿದ ಹಾಗಿದೆ ಕಣೇ," ಎಂದರು ಯಜಮಾನರು. "ಆ ನೀಲಿದು ನಾಲ್ಕು ಸೈಜು ದೊಡ್ಡದು. ಹಿಡಿದು ಹೊಲಿಯೋಕೂ ಆಗಲ್ಲ."

"ಸರ್ ಹೇಳೋದೇ ಸರಿ ಮೇಡಂ," ಶಿಷ್ಯನೂ ತಾಳ ಹಾಕಿದ. "ನೀಲಿದು ನಿಮ್ಮ ಕೈಲಿ ಆಗೋದಲ್ಲ."

"ಮೂರು ಸಲ ಫೇಲಾದಾಗ ನಿನಗೆ ನಾನು ಹಾಗಂದಿದ್ನೇನೋ?"

ಶಿಷ್ಯ ಎರಡೂ ಕೀ ಎತ್ತಿಕೊಂಡ.

ಭಾನುವಾರ ಬೆಳಿಗ್ಗೆ ಎರಡೂ ಗಾಡಿಗಳನ್ನು ವಿಮಾನ ಇಳಿಯುವುದು ನಿಂತುಹೋಗಿದ್ದ ಹಳೆಯ ರನ್‌ವೇಗೆ ತಂದರು. ಅದರ ಒಂದು ತುದಿಯಲ್ಲಿ ವಾರವಾರವೂ ಹುಡುಗರು ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು, ಅವುಗಳ ನಡುವೆ ಕಾರು ನುಗ್ಗಿಸಿ ಪಂದ್ಯ ಕಟ್ಟುತ್ತಿದ್ದರು. ಉಳಿದದ್ದು ಕಣ್ಣು ಹಾಯುವಷ್ಟು ದೂರ ನೇರ ದಾರಿ.

ಮೇಡಂ ಮೊದಲು ನೀಲಿ ಗಾಡಿಯತ್ತಲೇ ಹೋದರು. ಎಡಬಾಗಿಲು ತೆಗೆದು ಕೂತರು, ಬೆಲ್ಟ್ ಹಾಕಿದರು, ಖಾಲಿ ಡ್ರೈವರ್ ಸೀಟಿನ ಕಡೆ ತಿರುಗಿ, "ಮೊದಲು ಕನ್ನಡಿ ಸರಿ ಮಾಡ್ಕೋ," ಎಂದರು.

ಕೋನ್ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ಕೆಂಪಾಗಿ ಇಳಿದು ಬಲಸೀಟಿಗೆ ಬಂದರು. ಆಕ್ಸಿಲರೇಟರ್ ಅರ್ಧ ಒತ್ತಿದ್ದೇ ತಡ, ಗಾಡಿ ಗರ್ಜಿಸಿ ಬೆನ್ನನ್ನು ಸೀಟಿಗೆ ಅಮುಕಿತು. ಆ ಕ್ಷಣವೇ ಬಲಗಾಲು ತನ್ನಷ್ಟಕ್ಕೆ ತಾನೇ ಹಾರಿ ಬ್ರೇಕ್ ಮೇಲೆ ಕೂತಿತು. ಟೈರು ಕಿರುಚಿ, ಗಾಡಿ ದಾರಿಯ ನಡುವೆ ಅಡ್ಡಡ್ಡ ನಿಂತಿತು.

"ಬ್ರೇಕ್ ಮೇಡಂ ಅಂತ ಸುಮ್ನೆ ಕರೀತಾರಾ!" ಯಾರೋ ಕೂಗಿದರು. ಮೇಡಮ್ಮಿಗೆ ಅಳುವೇ ಬಂತು. ಎಷ್ಟು ವರ್ಷದ ಅಳುಕು, ಕೊನೆಗೆ ನಿಜವೇ ಆಯಿತಲ್ಲ!

ಮುಖ ಚಿಕ್ಕದು ಮಾಡಿಕೊಂಡೇ ಹಳದಿ ಕಾರು ಹತ್ತಿ ಕೋನ್‌ಗಳ ಕಡೆ ತಿರುಗಿಸಿದರು. ಆದರೆ ಕೋನ್ ಅಂದರೆ ಮೇಡಮ್ಮಿಗೆ ಮನೆಯಂಗಳ. ದಿನಕ್ಕೆ ಎಂಟು ಪಾಠ, ಒಂದೊಂದು ಪಾಠಕ್ಕೂ ಕೋನ್‌ಗಳ ನಡುವೆ ಹತ್ತು ಸುತ್ತು, ಯಾವ ಕೋನಿಗೆ ಎಲ್ಲಿ ತಿರುಗಿಸಬೇಕು, ಎಷ್ಟು ತಡೆಯಬೇಕು ಎನ್ನುವುದು ಅವರ ಮೈಗೇ ಗೊತ್ತು. ಹಳದಿ ಕಾರು ಅವರು ಅಂದುಕೊಳ್ಳುವ ಮೊದಲೇ ತಿರುಗಿತು. ಒಂದು ಕೋನೂ ಅಲುಗಲಿಲ್ಲ. ಸ್ಟಾಪ್‌ವಾಚ್ ಹಿಡಿದಿದ್ದ ಹುಡುಗ ಅದನ್ನು ಅಲ್ಲಾಡಿಸಿ ಮತ್ತೊಮ್ಮೆ ನೋಡಿದ. ಮೂವತ್ತೆಂಟು ಸೆಕೆಂಡು. ಅಲ್ಲಿಯವರೆಗೆ ನಲವತ್ತರ ಒಳಗೆ ಯಾರೂ ಮುಗಿಸಿರಲಿಲ್ಲ.

ನಕ್ಕವರೇ ಈಗ ಶಿಳ್ಳೆ ಹೊಡೆದರು. ಶಿಷ್ಯ ಹಲ್ಲು ಕಿರಿಯುತ್ತ ಹಳದಿ ಗಾಡಿಯ ಕಾಗದಪತ್ರ ತೆಗೆದ.

"ಅದನ್ನ ಒಳಗಿಡು. ನೀಲಿ ಗಾಡಿ ಕೀ ಕೊಡು," ಎಂದರು ಮೇಡಂ.

"ಅಯ್ಯೋ, ಇದರಲ್ಲಿ ದಾಖಲೆನೇ ಮುರಿದ್ರಲ್ಲ ಮೇಡಂ!"

"ಅದಕ್ಕೇ ಕಣೋ. ಇದು ನನಗೆ ಬರುತ್ತೆ ಅಂತ ಗೊತ್ತಾಯ್ತು. ಇಪ್ಪತ್ನಾಲ್ಕು ವರ್ಷ ಕೋನ್ ಸುತ್ತಿದ್ದು ಸಾಕು, ಬರದೇ ಇರೋದನ್ನ ಕಲೀತೀನಿ." ಆಮೇಲೆ ಯಜಮಾನರ ಕಡೆ ತಿರುಗಿ, "ರೀ, ನೀವು ಎಡಗಡೆ ಕೂತ್ಕೊಳ್ಳಿ," ಎಂದರು.

ಯಜಮಾನರು ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯನ್ನು ಸುತ್ತಿ ಜೇಬಿಗಿಟ್ಟುಕೊಂಡು ಕೂತರು.

ಭಯ ಬೀಳುವ ಶಿಷ್ಯರಿಗೆ ಮೇಡಂ ಹೇಳಿಕೊಡುತ್ತಿದ್ದ ಒಂದು ಉಪಾಯವಿತ್ತು. ಕಣ್ಣಿಗೆ ಕಂಡದ್ದನ್ನು, ಮಾಡಬೇಕಾದದ್ದನ್ನು ಗಟ್ಟಿಯಾಗಿ ಹೇಳುತ್ತ ಓಡಿಸಬೇಕು. ಕಾಲು ಬಾಯಿಯ ಮಾತು ಕೇಳುತ್ತದೆ. ನೂರಾರು ಜನರಿಗೆ ಹೇಳಿದ್ದನ್ನು ತಮಗೇ ಹೇಳಿಕೊಳ್ಳುವುದು ಅವರಿಗೆ ಈವರೆಗೆ ಹೊಳೆದಿರಲಿಲ್ಲ.

"ದಾರಿ ಖಾಲಿ ಇದೆ," ಎಂದರು ಮೇಡಂ, ಗಾಡಿಯನ್ನು ಮೆಲ್ಲಗೆ ಹೊರಡಿಸುತ್ತ, ಪಾಠದ ದನಿಯಲ್ಲೇ. "ಎದುರಿಗೆ ಯಾರೂ ಇಲ್ಲ. ಎರಡನೇ ಗೇರು. ಕಾಲು ಒತ್ತು."

ಎಂಟು ಸಿಲಿಂಡರೂ ಒಟ್ಟಿಗೆ ಎದ್ದವು. ಕಾಲು ಬ್ರೇಕಿನ ಕಡೆ ಏಳಲು ನೋಡಿತು.

"ಎತ್ತಬೇಡ! ದೂರ ನೋಡು. ಮೂರನೇ ಗೇರು. ಇನ್ನೂ ಒತ್ತು. ಶಹಬ್ಬಾಸ್!"

ಕಾಲು ಏಳಲಿಲ್ಲ. ಕಿಟಕಿಯ ಆಚೆ ಹುಲ್ಲು, ಬೇಲಿ, ಕಂಬ ಎಲ್ಲ ಒಂದೇ ಗೆರೆಯಾಗಿ ಹಿಂದೆ ಹೋದವು. ಮೇಡಮ್ಮಿಗೆ ಎದೆ ತುಂಬಿ ಬಂತು. ನನಗೆ ಓಡಿಸಲು ಬರುತ್ತದೆ! ಜೋರಾಗಿ ನಕ್ಕುಬಿಟ್ಟರು. ಆಗ ಎಡಗಡೆಯಿಂದ ಧಡ್ ಧಡ್ ಎಂದು ಸದ್ದು ಕೇಳಿತು. ಯಜಮಾನರು ಬಾಗಿಲ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು, ಬಲಗಾಲಿನಿಂದ ಕಾರಿನ ನೆಲವನ್ನು ಬಲವೆಲ್ಲ ಹಾಕಿ ಮತ್ತೆ ಮತ್ತೆ ಒತ್ತುತ್ತಿದ್ದರು.

"ರೀ, ಆ ಕಡೆ ಬ್ರೇಕ್ ಇಲ್ಲ!"

"ಗೊತ್ತು ಕಣೇ," ಎಂದರು ಯಜಮಾನರು, ಒತ್ತುವುದನ್ನು ಬಿಡದೆ. "ನೀನು ಓಡ್ಸು."