ಕೆಂಪು ಹಚ್ಚಿದ ಎಣ್ಣಿ ಬಟ್ಟಲ

ಥಿನ್ನರ್ ವಾಸನಿ ನನಗ ಹೊಸಾದಲ್ಲ. ಮೈಂದರ್ಗಿಯಿಂದ ಸೊಲ್ಲಾಪುರದ ಬಣ್ಣದ ಅಂಗಡಿ ಮನಿಗೆ ಸೊಸಿಯಾಗಿ ಬಂದಾಗಿಂದ ಅದು ನನ್ನ ಸೆರಗಿನಾಗ, ಕೈಯಾಗ, ಒಮ್ಮೊಮ್ಮೆ ಮಾಡಿದ ಪಲ್ಯಾದಾಗೂ ಇದ್ದೇ ಅದ. ಆದ್ರ ಥಿನ್ನರ್ ಜೋಡಿ ಹಳೇ ಮಿಷನ್ ಎಣ್ಣಿ ಕೂಡಿದ್ರ ಬರೂ ವಾಸನಿನೇ ಬ್ಯಾರೆ. ಹೋದ ತಿಂಗಳ ವಿಜಾಪುರ ರಸ್ತೆದಾಗಿನ ನಮ್ಮ ಮನಿ ಮುಂದಿನ ತಗಡಿನ ಪತ್ರಾ ಶೆಡ್ಡಿನಾಗ, ತುಕ್ಕು ಹಿಡದ ಒಂದು ಲೇಥಿನ ಮ್ಯಾಲ ಥಿನ್ನರ್ ಅರಿವಿ ಎಳದ ಕೂಡ್ಲೆ ಆ ವಾಸನಿ ಎದ್ದಿತು. ಕಾಕಾ ಬಂದು ಬಾಜೂಕ ನಿಂತಂಗಾತು.

ಕಾಕಾ ನಮ್ಮ ಸಂಬಂಧಿಕರಲ್ಲ. ನಮ್ಮ ಅಂಗಡಿ ಹಿಂದಿನ ಗಲ್ಲಿಯೊಳಗ ಅವರದೊಂದು ಸಣ್ಣ ಕಾರ್ಖಾನಿ ಇತ್ತು. ಕಾರ್ಖಾನಿ ಅಂದ್ರ ಏನ್ರಿ, ಒಂದು ಖೋಲಿ, ಕಬ್ಬಿಣ ತಿರವೂ ಒಂದು ಲೇಥು, ಒಬ್ಬ ಮನಷ್ಯಾ. ಚಾದರ ನೇಯೂ ಮಗ್ಗಕ್ಕ ಬೇಕಾಗೂ ರಾಡು, ಗಾಲಿ, ಶಾಫ್ಟು ತಿರವಿ ಕೊಡ್ತಿದ್ರು. ಈಗ ನಮ್ಮ ಶೆಡ್ಡಿನಾಗ ಇರೂದು ಅದೇ ಲೇಥು. ಒಂದು ಸಲ ಇದಕ್ಕ ನಾನೇ ಬಣ್ಣ ಹಚ್ಚಿದ್ದೆ. ಹಚ್ಚಿದ ವಾರದೊಳಗ ಇದು ನಿಂತು ಹೋತು. ನನ್ನ ಕೈಲೇ ಕೆಟ್ಟಿತೋ, ತನ್ನಷ್ಟಕ್ಕ ತಾನೇ ಕೆಟ್ಟಿತೋ… ಇಪ್ಪತ್ತು ವರ್ಷದ ಮ್ಯಾಲಾತು, ಈ ಒಂದು ಮಾತು ಒಳಗ ಕೊರೀತಾನೇ ಇತ್ತು.

ಕಾಕಾ ತೀರಿಕೊಂಡು ವರ್ಷಾದ ಮ್ಯಾಲ ಅಕ್ಕಲಕೋಟದಿಂದ ಅವರ ಮಗಳು ಫೋನ್ ಮಾಡಿದ್ಲು. "ವೈನಿ, ಹಿತ್ತಲಾಗ ಅಪ್ಪನ ಮಿಷನ್ ಹಂಗೇ ಬಿದ್ದದರಿ. ಹಳೇ ಕಬ್ಬಿಣ ಒಯ್ಯೂ ಭಂಗಾರದಾಂವ ಎರಡು ಸಲ ಬಂದು ಹೋದ. ಕೊಡಾಕ ಮನಸ್ಸಾಗವಲ್ದು. ನೀವು ಒಯ್ತೀರೇನ್ರಿ?"

ಟೆಂಪೋ ತಗೊಂಡು ಹೋಗಿ ತಂದೆ. ಅದನ್ನ ನೋಡಿ ನಮ್ಮ ಮನ್ಯಾವರು, "ಇದನ್ನ ಇಟಗೊಂಡು ಏನ್ ಚಪಾತಿ ಲಟ್ಟಸಾಕಿ ಏನು?" ಅಂದ್ರು. "ಹೌದ್ರಿ, ಮೊದಲನೇ ಚಪಾತಿ ನಿಮಗೇ" ಅಂದೆ. ಅವರು ನಕ್ಕು ಒಳಗ ಹೋದ್ರು. ಹಳೇ ಬಣ್ಣ ಎಬ್ಬಿಸಿದ್ರ ಖರೇ ಏನದ ಅನ್ನೂದು ಹೊರಗ ಬೀಳ್ತದ, ಅದು ನನಗ ಗೊತ್ತಿತ್ತು.

ದಸರಾದಾಗಿನ ಆಯುಧ ಪೂಜಿಗೆ ನಾವು ಖಂಡೇ ಪೂಜಿ ಅಂತೀವಿ. ನಮ್ಮ ಗಲ್ಲಿಯೊಳಗ ಅದು ಮಿಷನ್ನಿಗೆ ಎರಕೊಳ್ಳೂ ದಿನಾ. ನವಮಿ ಹಿಂದಿನ ಎರಡು ದಿನಾ ಎಲ್ಲಾ ಕೆಲಸ ಬಂದ್. ತೊಳದು, ಒರಸಿ, ಹಳೇ ಬಣ್ಣದ ಮ್ಯಾಲ ಹೊಸ ಬಣ್ಣ ಬಳದು, ಹೂವಿನ ಹಾರ ಹಾಕೋರು. ಕಾಕಾ ವರ್ಷಾ ವರ್ಷಾ ನಮ್ಮ ಅಂಗಡಿಯಿಂದ ಅರ್ಧ ಲೀಟರ್ ಹಸರು ಬಣ್ಣ ಒಯ್ಯೋರು. ಆ ವರ್ಷ ಅವರ ಕಣ್ಣಿನ ಪೊರಿ ತಗಸಿದ್ರು. ಒಂದು ಕಣ್ಣಿಗೆ ಪಟ್ಟಿ ಕಟಗೊಂಡು ಬಂದು, "ಸೂನಬಾಯಿ, ಬಣ್ಣ ಕೊಡು. ಈ ಸಲ ಎಲ್ಲಿ ಹಚ್ಚತೀನೋ, ಎಲ್ಲಿ ಬಿಡತೀನೋ, ದೇವರಿಗೇ ಗೊತ್ತು" ಅಂದ್ರು.

ಸೂನಬಾಯಿ ಅಂದ್ರ ಮರಾಠಿಯೊಳಗ ಸೊಸಿ. ಆವಾಗ ನಾ ಬಣ್ಣದ ಅಂಗಡಿ ಸೊಸಿ ಅಷ್ಟೇ. ಡಬ್ಬಿ ಎತ್ತಿ ಕೊಡೂದು, ಬಣ್ಣ ಕಲಸೂದು ಬರ್ತಿತ್ತು. ಮನಿ ಹೊರಗ ಬ್ರಶ್ ಹಿಡದಾಕಿ ಅಲ್ಲ. ಅದೇನ್ ಹುಕಿ ಬಂತೋ ಏನೋ, "ನಾ ಹಚ್ಚಿ ಕೊಡ್ತೀನ್ರಿ ಕಾಕಾ" ಅಂದುಬಿಟ್ಟೆ.

ಹಚ್ಚಿದೆ ಅಂದ್ರ ಸುಮ್ಮನ ಹಚ್ಚಲಿಲ್ಲ. ಗಲ್ಲಿ ಮಂದಿ ಹಳೇದರ ಮ್ಯಾಲ ಹೊಸಾದು ಬಳೀತಾರ, ನಾ ಏನಂತ ತೋರಸ್ತೀನಿ ಅನ್ನೂ ಜಂಬ ಬ್ಯಾರೆ. ಹಳೇ ಬಣ್ಣ ಕೆರದೆ, ತಗ್ಗು ಇದ್ದಲ್ಲೆಲ್ಲಾ ಲಾಂಬಿ, ಅಂದ್ರ ಪುಟ್ಟಿ, ತುಂಬಿ ಸಪಾಟು ಮಾಡಿದೆ, ತುಕ್ಕು ಹಿಡೀಬಾರದಂತ ರೆಡ್ ಆಕ್ಸೈಡ್ ಕೊಟ್ಟೆ, ಅದರ ಮ್ಯಾಲ ಎರಡು ಕೈ ಹಸರು. ಕಡೀಕ ಉಳದಿದ್ದು ಲೇಥಿನ ತಲಿ ಮ್ಯಾಲಿನ ಎರಡು ಸಣ್ಣ ಬಟ್ಟಲ. ಒಂದು ಮುಂದ, ಒಂದು ಹಿಂದ. ಅದರಾಗ ಎಣ್ಣಿ ಹಾಕಿದ್ರ ತಳದ ತೂತಿನಿಂದ ಒಳಗಿನ ಬುಶ್ಶಿಗೆ, ಅಂದ್ರ ಲೋಹದ ಬಳಿಗೆ, ಇಳೀತದ, ಬುಶ್ಶಿನಾಗ ಲೇಥಿನ ಮುಖ್ಯ ಶಾಫ್ಟು ತಿರಗತದ. ಇದೆಲ್ಲಾ ಈಗ ಗೊತ್ತು ನನಗ. ಅವತ್ತು ಕಂಡಿದ್ದು ಎರಡು ಹೊಲಸು ಬಟ್ಟಲ ಅಷ್ಟೇ. ತೊಳದು ಒರಸಿ, ಒಳಗೆಲ್ಲಾ ಕೆಂಪು ಬಣ್ಣ ಹಚ್ಚಿಬಿಟ್ಟೆ. ಪೂಜಿಗೆ ಕುಂಕುಮದ ಬಟ್ಟಲ ಇಟ್ಟಂಗ ಕಂಡ್ವು. ತಳದಾಗ ಒಂದು ಸಣ್ಣ ತಗ್ಗು ಕಂಡಂಗ ನೆನಪು. ತಗ್ಗು ಕಂಡ್ರ ಲಾಂಬಿ ತುಂಬೂದು ನನ್ನ ಚಟಾ. ಇದಕ್ಕೂ ತುಂಬಿದ್ನೋ, ಇಲ್ಲೋ…

ಕಾಕಾ ಒಂದೇ ಕಣ್ಣಿಲೇ ಮಿಷನ್ನಿನ ಸುತ್ತಾ ತಿರಗಿ ನೋಡಿದ್ರು. "ಸೂನಬಾಯಿ, ಇದರ ಲಗ್ನಾ ಏನರ ಗೊತ್ತ ಮಾಡೀಯೇನ?" ಅಂದ್ರು. ಅಷ್ಟು ಖುಷಿ ನನಗ ನನ್ನ ಲಗ್ನದಾಗೂ ಆಗಿದ್ದಿಲ್ಲ.

ನವಮಿ ದಿನಾ ಪೂಜಿ ಆತು. ಮರುದಿನಾ ಬನ್ನಿ ಕೊಟ್ಟು ಕಾಕಾನ ಕಾಲು ಮುಟ್ಟಿ ಬಂದೆ. ಅದರ ಮರುದಿನಾ ಲೇಥು ಚಾಲೂ ಆತು. ಎರಡನೇ ದಿನಾ ಮಧ್ಯಾಹ್ನ ಗಲ್ಲಿಯಿಂದ ಕಿರ್‌ರ್ ಅಂತ ಒಂದು ಸಪ್ಪಳ ಬಂತು. ಆಮ್ಯಾಲ ಎಲ್ಲಾ ಸುಮ್ಮನಾತು.

ಸಂಜೀಕ ಹೋದೆ. ಕಾಕಾ ಸ್ಟೂಲಿನ ಮ್ಯಾಲ ಕೂತು ಕೈ ಒರಸಾಕತ್ತಿದ್ರು. ಮುಂದಿನ ಬಟ್ಟಲದ ಮ್ಯಾಲ ಒಂದು ಅರಿವಿ ಹಾಕಿತ್ತು. ನಾ ಹೆದರಕೋತ, "ಕಾಕಾ, ನಾ ಬಣ್ಣ ಹಚ್ಚಿದ್ದಕ್ಕ ಏನರ ಆತೇನ್ರಿ?" ಅಂತ ಕೇಳಿದೆ. ಅವರು ಹಿಂದಿನ ಬಟ್ಟಲ ತೋರಿಸಿದ್ರು. ಕೆಂಪು ಬಟ್ಟಲದ ತುಂಬ ಎಣ್ಣಿ ನಿಂತಿತ್ತು.

"ನೋಡು, ಎಣ್ಣಿ ತುಂಬಿ ತುಳಕಾಕತ್ತದ. ಎಣ್ಣಿ ಇದ್ದ ಮ್ಯಾಲ ಬಣ್ಣದ್ದೇನ್ ತಪ್ಪದ? ಬುಶ್ ಸವದಿತ್ತು, ಮಿಷನ್ನಿಗೂ ವಯಸ್ಸಾಗ್ತದ. ಜಾಊ ದೇ ಸೂನಬಾಯಿ, ಬಿಡು."

ನಾ ನಂಬಿದೆ. ಸುಳ್ಳ ಯಾಕ ಹೇಳಲಿ, ಅವತ್ತು ಮನಿಗೆ ಬಂದು ಹೊಟ್ಟಿ ತುಂಬ ಉಂಡೆ.

ಆ ಲೇಥು ಮತ್ತ ತಿರಗಲಿಲ್ಲ. ಬುಶ್ ಜೋಡಿ ಶಾಫ್ಟೂ ಕಚ್ಚಿಕೊಂಡು ಗೀರು ಬಿದ್ದಿತ್ತು. ರಿಪೇರಿ ಅವರ ಕೈಲೇ ನೀಗಲಿಲ್ಲ. ಮಗ್ಗದ ಮಂದಿ ಎಷ್ಟು ದಿನಾ ಕಾಯ್ತಾರ? ಬ್ಯಾರೆ ಕಡೆ ಹೋದ್ರು. ಅರವತ್ತರ ಹತ್ರ ಬಂದ ಕಾಕಾ ಇನ್ನೊಬ್ಬರ ಲೇಥಿನ ಮ್ಯಾಲ ಪಗಾರಕ್ಕ ನಿಂತ್ರು. ಸೈಕಲ್ ಹಿಡಕೊಂಡು ನಮ್ಮ ಅಂಗಡಿ ಮುಂದೇ ಹಾದು ಹೋಗೋರು. ನಾ ಕಂಡ್ರ ಗಂಟಿ ಬಾರಸೋರು.

ಮುಂದಿನ ವರ್ಷ ಖಂಡೇ ಪೂಜಿ ಹೊತ್ತಿಗೆ ಗಲ್ಲಿಯಿಂದ ಮೂರು ಮಂದಿ ನನ್ನ ಹುಡಿಕ್ಕೊಂಡು ಬಂದ್ರು. "ಕಾಕಾ ಹೇಳ್ಯಾರ, ಬಣ್ಣ ಹಚ್ಚಸೂದಿದ್ರ ನಿಮ್ಮ ಕಡೇನೇ ಹಚ್ಚಸಬೇಕಂತ." ಹಿಂದಿನಿಂದ ಕಾಕಾನೂ ಬಂದ್ರು. ಕಿಸೆದಾಗಿನ ಕಡ್ಡಿಪೆಟ್ಟಿಗಿ ತಗದು ನನ್ನ ಕೈಯಾಗಿಟ್ರು. "ಬ್ರಶ್ ಮುಟ್ಟೂಕಿಂತ ಮೊದಲ ಎಣ್ಣಿ ತೂತಿಗೆಲ್ಲಾ ಒಂದೊಂದು ಕಡ್ಡಿ ಸಿಗಿಸು. ಎಷ್ಟು ಸಿಗಿಸಿದಿ ಅಂತ ಎಣಿಸಿ ಇಟಗೊ. ಬಣ್ಣ ಒಣಗಿದ ಮ್ಯಾಲ ಅಷ್ಟೂ ತಗಿ. ಒಂದು ಕಡ್ಡಿ ಕಮ್ಮಿ ಬಂದ್ರ ಮಿಷನ್ ಚಾಲೂ ಮಾಡಾಕ ಬಿಡಬ್ಯಾಡ" ಅಂದ್ರು. ಅವರ ಲೇಥಿನ ತೂತೂ ನಾನೇ ಮುಚ್ಚಿದ್ನೇನೋ ಅನ್ನೂ ಸಂಶೆ ಅವತ್ತೇ ಸುರುವಾತು. ಕೇಳೂದು ಬಿಟ್ಟು ಕಡ್ಡಿ ಎಣಿಸಾಕತ್ತಿದೆ.

ಆವಾಗಿಂದ ಇವತ್ತಿನ ತನಕ ಬಣ್ಣ ನನ್ನ ಕೆಲಸಾತು. ಹಳೇ ಮಿಷನ್, ಹೊಲಿಗಿ ಯಂತ್ರ, ಗಿರಣಿ ಚಕ್ಕಿ, ಏನ್ ತಂದ್ರೂ ಕೆರದು, ಒರಸಿ, ಹೊಸಾದು ಮಾಡಿ ಕೊಡ್ತೀನಿ. ಮಂಗಳವೇಢೆಯಿಂದ ಸುದ್ದಾ ಮಂದಿ ಹೊತಗೊಂಡು ಬರ್ತಾರ. ಕಾಕಾ ಮುಂದ ಮಗಳ ಮನಿಗಂತ ಅಕ್ಕಲಕೋಟಕ್ಕ ಹೋದ್ರು, ನಿಂತ ಲೇಥೂ ಒಯ್ದ್ರು. ನಾ ಹೋದಾಗೆಲ್ಲಾ ಅವರು ಮೊದಲ ಕೇಳೂದು ಒಂದೇ: "ಬ್ರಶ್ ನಡದದಲ್ಲಾ?" ನಡದದರಿ ಅಂದ್ರ ಚಾ ಮಾಡಾಕ ಹೇಳೋರು…

ಈಗ ನಮ್ಮ ಶೆಡ್ಡಿನಾಗ ಕೂತು ಮೊದಲ ಹಿಂದಿನ ಬಟ್ಟಲ ಕೆರದೆ. ಕೆಂಪು ಬಣ್ಣ ಸುಮ್ಮನ ಬಿಡಲಿಲ್ಲ, ಗಟ್ಟಿ ಕೂತಿತ್ತು. ಅದರ ಕೆಳಗ ಬೂದಿ ಬಣ್ಣದ ಲಾಂಬಿ. ಲಾಂಬಿ ಕೆಳಗ ತೂತು. ನಾನೇ ಮುಚ್ಚಿದ್ದೆ. ಎಣ್ಣಿ ಬಟ್ಟಲದಾಗ ತುಂಬಿ ನಿಂತಿದ್ದು ಯಾಕಂದ್ರ ಇಳಿಯಾಕ ಹಾದಿನೇ ಇದ್ದಿದ್ದಿಲ್ಲ. ಒಂದು ಕಣ್ಣಿಗೆ ಪಟ್ಟಿ ಕಟಗೊಂಡ ಮನಷ್ಯಾ ತುಂಬಿದ ಬಟ್ಟಲ ನೋಡಿ, ಎಣ್ಣಿ ಅದ ಅಂತ ಮಿಷನ್ ನಡಸ್ಯಾನ.

ಮುಂದಿನ ಬಟ್ಟಲಕ್ಕ ಕೆರಿಯೂ ಪಟ್ಟಿ ತಾಗಿಸಿದ್ದೇ ತಡ, ಕೆಂಪು ಬಣ್ಣ ಹಾಲಿನ ಕೆನಿ ಹಂಗ ಒಂದೇ ಪದರಾ ಎದ್ದು ಬಂತು. ಎಣ್ಣಿ ಮ್ಯಾಲ ಹಚ್ಚಿದ ಬಣ್ಣ ಹಂಗೇ ಏಳ್ತದ, ಅದು ಹಿಡಿಯೂದಿಲ್ಲ. ನಾ ಹಚ್ಚಿದಾಗ ಬಟ್ಟಲದಾಗ ಎಣ್ಣಿ ಇದ್ದಿದ್ದಿಲ್ಲ, ತೊಳದು ಒರಸಿದ್ದೆ. ಅಂದ್ರ ಈ ಪದರಾ ನನ್ನ ಕೈದಲ್ಲ. ಆ ಪದರದ ಕೆಳಗ ತೂತು ತೆರದಿತ್ತು, ಸುತ್ತಾ ತಂತಿಲೇ ಕೆದರಿದ ಗೀರು. ಅಂದ್ರ ಮಿಷನ್ ನಿಂತ ದಿನಾನೇ ಕಾಕಾ ತಂತಿ ಹಾಕಿ ನೋಡ್ಯಾರ. ಲಾಂಬಿ ಸಿಕ್ಕದ. ಎಲ್ಲಾ ತಿಳದದ. ನಾ ಬಂದು ನೋಡಬಾರದಂತ ಅರಿವಿ ಮುಚ್ಯಾರ, ಆಮ್ಯಾಲ ನಾ ಬಿಟ್ಟು ಬಂದ ಡಬ್ಬಿಯಿಂದ ಮತ್ತ ಕೆಂಪು ಹಚ್ಚಿ ಇಟ್ಟಾರ.

ಪಟ್ಟಿ ಕೆಳಗಿಟ್ಟು ಅಕ್ಕಲಕೋಟಕ್ಕ ಫೋನ್ ಹಚ್ಚಿದೆ. "ತಂಗಿ, ನಿಮ್ಮ ಅಪ್ಪನ ಲೇಥು ಕೆಡಸಿದಾಕಿ ನಾನೇ" ಅಂದೆ.

ಆಕಿ ಅಂದ್ಲು: "ನಮಗ ಅವತ್ತೇ ಗೊತ್ತಿತ್ತರಿ ವೈನಿ. ಅವ್ವ ಸಿಟ್ಟಿಲೇ ನಿಮ್ಮ ಮನಿಗೆ ಜಗಳಕ್ಕ ಹೊಂಟಿದ್ಲು. ಅಪ್ಪ ಬಾಗಲಾಗ ಅಡ್ಡ ನಿಂತ. 'ಮಿಷನ್ ಅಂತೂ ನಿಂತದ. ಆ ಹುಡುಗಿ ಈಗ ಬ್ರಶ್ ಹಿಡದಾಳ, ಆಕೀನೂ ನಿಲ್ಲಸಬ್ಯಾಡ' ಅಂದ. ನಿಮಗ ಹೇಳಬಾರದಂತ ನಮ್ಮ ಕಡೆ ಆಣಿ ಮಾಡಿಸಿಕೊಂಡಿದ್ದ."

ಎಲ್ಲಿದ್ದೆನೋ ಅಲ್ಲೇ ಕುಂತು ಅತ್ತೆ. ನಮ್ಮ ಮನ್ಯಾವರು ಹೊರಗ ಬಂದು ನೋಡಿ, ನೀರು ತಂದು ಕೊಟ್ರು. ಕಾಕಾ ನನಗ ಬೈಬೇಕಿತ್ತು. ಗಲ್ಲಿ ಮಂದಿ ಮುಂದ ನಿಲ್ಲಿಸಿ ಬೈದಿದ್ರೂ ನಡೀತಿತ್ತು, ತಪ್ಪಾತರಿ ಅಂತ ಕಾಲಿಗೆ ಬೀಳ್ತಿದ್ದೆ. ಈಗ ಯಾರ ಕಾಲಿಗೆ ಬೀಳಲಿ?

ಬುಶ್ ಹೊಸಾದು ಮಾಡಿಸಿದೆ, ಶಾಫ್ಟು ಸಾಫ್ ಮಾಡಿಸಿದೆ. ಬಟ್ಟಲದ್ದು, ಉಳದ ಕಡೆದ್ದು ಎಲ್ಲಾ ಸೇರಿ ಹನ್ನೊಂದು ಎಣ್ಣಿ ತೂತಿಗೆ ಹನ್ನೊಂದು ಕಡ್ಡಿ ಸಿಗಿಸಿ ಅದೇ ಹಸರು ಬಣ್ಣ ಹಚ್ಚಿದೆ. ಒಣಗಿದ ಮ್ಯಾಲ ಹನ್ನೊಂದೂ ತಗದೆ. ಎರಡು ಬಟ್ಟಲಕ್ಕ ಮಾತ್ರ ಬಣ್ಣ ಹಚ್ಚಲಿಲ್ಲ, ಬರೇ ಕಬ್ಬಿಣ ಬಿಟ್ಟೆ. ನಿನ್ನೆ ಮುಂಜಾನಿ ಎರಡರಾಗೂ ಎಣ್ಣಿ ಹಾಕಿ, ಸ್ಟೂಲ್ ಎಳಕೊಂಡು ಮುಂದ ಕೂತೆ. ಎಣ್ಣಿ ಸಾವಕಾಶ ಇಳದು ತಳಾ ಕಂಡಿತು. ಮತ್ತ ಹಾಕಿದೆ, ಮತ್ತ ಇಳೀತು. ಆಮ್ಯಾಲ ಎದ್ದು ಸ್ವಿಚ್ ಹಾಕಿದೆ.