ವಿ 18.4: ತಾನೇ ಬಿದ್ದವರ ಸಾಲಿಗೆ ಸೇರಿದ ಸದಾನಂದ

2023ರಲ್ಲಿ ನಾನು ಚೆನ್ನೈನ ಕೀಲ್ಪಾಕ್ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಸೀನಿಯರ್ ಕೋಡರ್ ಆಗಿದ್ದೆ. ಈ ಕೆಲಸ ಏನೆಂದು ವೆಸ್ಟ್ ಮಾಂಬಲಂನ ನನ್ನ ನೆಂಟರಿಷ್ಟರಿಗೆ ವಿವರಿಸಿ ಸೋತಿದ್ದೇನೆ. 'ಏನೋ ಕಂಪ್ಯೂಟರ್ ಕೆಲಸ' ಎಂದು ಅವರೇ ತೀರ್ಮಾನಿಸಿಕೊಂಡಿದ್ದಾರೆ. ಡಾಕ್ಟರು ಬರೆದ ಕೇಸ್ ಶೀಟ್ ಓದಿ, ರೋಗ ಯಾವುದು, ಗಾಯ ಯಾವುದು, ಗಾಯ ಹೇಗಾಯಿತು ಎಂಬುದಕ್ಕೆಲ್ಲ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಸಂಕೇತ ಹಾಕುವುದು ನಮ್ಮ ಕೆಲಸ. ಸೈಕಲ್ ಸವಾರನಿಗೆ ರಸ್ತೆಯಲ್ಲಿ ಕಾರೋ ವ್ಯಾನೋ ಡಿಕ್ಕಿ ಹೊಡೆದಿದ್ದರೆ ವಿ 13.4. ಯಾವ ವಾಹನವೂ ತಗಲದೆ ತಾನೇ ಬಿದ್ದಿದ್ದರೆ ವಿ 18.4. ಡಾಕ್ಟರು ಬರೆಯದೇ ಇದ್ದದ್ದನ್ನು ಕೋಡರ್ ಊಹಿಸಿ ಹಾಕುವಂತಿಲ್ಲ. ಈ ನಿಯಮವನ್ನು ಹೊಸಬರಿಗೆ ಗದರಿಸಿ ಗದರಿಸಿ ಕಲಿಸಿದವಳು ನಾನೇ.

ಒಂದು ದಿನ ಬೆಳಿಗ್ಗೆ ಐಸಿಯು ಸಿಸ್ಟರ್ ಫೋನ್ ಮಾಡಿ, ರೋಗಿಯೊಬ್ಬರ ಹೆಂಡತಿಗೆ ತಮಿಳು ಬರುವುದಿಲ್ಲ, ಬಂದು ಸ್ವಲ್ಪ ಮಾತಾಡಿ ಎಂದರು. ಇಡೀ ಮಹಡಿಯಲ್ಲಿ ಕನ್ನಡ ಮನೆಮಾತಿನವಳು ನಾನೊಬ್ಬಳೇ. ರೋಗಿಯ ಹೆಸರು ಸದಾನಂದ, ಉಡುಪಿ ಕಡೆಯವರು. ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುತ್ತಿದ್ದರು. ಎರಡು ದಿನದ ಹಿಂದೆ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ತಲೆಗೆ ಪೆಟ್ಟಾಗಿ, ಎಡ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದು, ಪ್ರಜ್ಞೆ ಇಲ್ಲದೆ ಬಂದಿದ್ದರು. ಹೆಂಡತಿ ಗಿರಿಜಾ ಸುದ್ದಿ ತಿಳಿದು ಊರಿನಿಂದ ಹಿಂದಿನ ದಿನವಷ್ಟೇ ಬಂದಿಳಿದಿದ್ದರು.

"ಕವಲೈ ಪಡಬೇಡಿ ಅಮ್ಮ, ಡಾಕ್ಟರ್ ಚೆನ್ನಾಗಿ ಪಾಕ್ತಾ ಇದಾರೆ" ಎಂದೆ. ಚಿಂತೆ ಮಾಡಬೇಡಿ, ಡಾಕ್ಟರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಹೊರಟದ್ದು; ನಾಲ್ಕು ತಲೆಮಾರು ಮದರಾಸಿನಲ್ಲಿದ್ದು ಅರ್ಧ ತಮಿಳಾದ ಕನ್ನಡ ನನ್ನದು. ಅಷ್ಟು ದುಃಖದಲ್ಲೂ ಗಿರಿಜಾ ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಕೇಳಿದರು.

"ಇವರು ಬಿದ್ದದ್ದಲ್ಲ ಮೇಡಂ. ವ್ಯಾನ್ ಹಿಂದಿನಿಂದ ಬಂದು ಗುದ್ದಿ ನಿಲ್ಲಿಸದೆ ಹೋದದ್ದು. ಸ್ಟೇಷನ್ನಿಗೆ ಹೋದ್ರೆ, ಆಸ್ಪತ್ರೆಯವರೇ ತಾನೇ ಬಿದ್ದದ್ದು ಅಂತ ಬರೆದಿದ್ದಾರೆ, ನಾವು ಯಾರನ್ನು ಹುಡುಕ್ಬೇಕು ಅಂತ ಕೇಳ್ತಾರೆ. ಹಾಗೆ ಬರೆದದ್ದು ಯಾರು?"

ಬರೆಸಿದ್ದು ಯಾರೆಂದು ಕೇಸ್ ಶೀಟ್ ತೆಗೆದ ಕೂಡಲೇ ಗೊತ್ತಾಯಿತು. ನಮ್ಮಲ್ಲಿ ಅಪಘಾತದಲ್ಲಿ ಗಾಯಗೊಂಡು ಬಂದವರ ವಿವರ ಮೊದಲು ಕ್ಯಾಶುವಾಲ್ಟಿಯ ಆಕ್ಸಿಡೆಂಟ್ ರಿಜಿಸ್ಟರಿಗೆ ಹೋಗುತ್ತದೆ. ಅದರ ಪ್ರತಿಯೇ ಪೊಲೀಸರಿಗೂ ಹೋಗುವುದು. ಅಲ್ಲಿ 'ಸೈಕಲ್ಲಿನಿಂದ ತಾನೇ ಬಿದ್ದಿದ್ದಾರೆಂದು ಕರೆತಂದವರ ಹೇಳಿಕೆ' ಎಂದಿತ್ತು. ಕರೆತಂದವರು ವಾಸಣ್ಣ, ಅದೇ ಹೋಟೆಲಿನ ಹಿರಿಯ ಅಡುಗೆಯವರು. ಆ ದಿನ ಇನ್ನೊಂದು ಸೈಕಲ್ಲಿನಲ್ಲಿ ಸದಾನಂದರ ಹಿಂದೆಯೇ ಬರುತ್ತಿದ್ದವರು. ಗಿರಿಜಾಗೆ ವ್ಯಾನಿನ ವಿಷಯ ಹೇಳಿದವರೂ ಅವರೇ. ಹೆಂಡತಿಗೆ ಕನ್ನಡದಲ್ಲಿ ಒಂದು, ಡಾಕ್ಟರಿಗೆ ತಮಿಳಿನಲ್ಲಿ ಇನ್ನೊಂದು! ನನಗೆ ಮೈಯೆಲ್ಲ ಉರಿದುಹೋಯಿತು.

ವಾಸಣ್ಣ ಐಸಿಯು ಹೊರಗೆ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದರು. ಅರವತ್ತು ದಾಟಿದ ಮನುಷ್ಯ. ನಾನು ನೇರವಾಗಿಯೇ ಕೇಳಿದೆ.

"ಪೊಲೀಸ್ ಕೇಸು ಅಂದ್ರೆ ಆಸ್ಪತ್ರೆಯಲ್ಲಿ ಮುಟ್ಟುದಿಲ್ಲ, ಪೊಲೀಸ್ ಬರುವವರೆಗೆ ಹಾಗೇ ಮಲಗಿಸ್ತಾರೆ ಅಂತ ನಮ್ಮಲ್ಲಿ ಎಲ್ಲ ಹೇಳುದು ಮೇಡಂ. ತಲೆಯಿಂದ ರಕ್ತ ಸುರೀತಾ ಉಂಟು. ನಾನು ಎಂತ ಮಾಡ್ಲಿ? ಬದುಕಿ ಉಳೀಲಿ ಅಂತ ಹೇಳಿದ್ದು."

ನನ್ನ ಸಿಟ್ಟು ಅಲ್ಲಿಗೇ ಜರ್ರನೆ ಇಳಿಯಿತು. ಈಗ ಯಾವ ಆಸ್ಪತ್ರೆಯೂ ಹಾಗೆ ಕಾಯಿಸುವಂತಿಲ್ಲ. ಆದರೆ ಊರು ಬಿಟ್ಟು ಬಂದು ಹೋಟೆಲಿನ ಮೇಲಿನ ಕೋಣೆಯಲ್ಲೇ ಜೀವನ ಕಳೆದವರಿಗೆ ಅದನ್ನು ಯಾರು ಹೇಳಿದ್ದಾರೆ? ಒಬ್ಬರಿಗೊಬ್ಬರು ಹೇಳಿಕೊಟ್ಟ ಭಯವೇ ಅವರಿಗೆ ಕಾನೂನು.

ನಾನು ನಿಯಮದ ಪ್ರಕಾರ ಕ್ಯಾಶುವಾಲ್ಟಿ ಡಾಕ್ಟರಿಗೆ ಕ್ವೆರಿ ಕಳಿಸಿದೆ. ಬರಹದಲ್ಲಿ ಸಂದೇಹವಿದ್ದರೆ ಕೋಡರ್ ಕೇಳಬಹುದಾದ ಪ್ರಶ್ನೆ ಅದು. ಯುವ ಡಾಕ್ಟರು, ಒಳ್ಳೆಯವರು. "ಹಳೆಯ ಸಾಲನ್ನು ತಿದ್ದುವುದಕ್ಕಾಗುವುದಿಲ್ಲ ಮೇಡಂ. ರೋಗಿಯಾಗಲಿ, ನೋಡಿದವರಾಗಲಿ ನನ್ನೆದುರು ಹೇಳಿದರೆ ದಿನಾಂಕ ಹಾಕಿ ಕೆಳಗೆ ಸೇರಿಸುತ್ತೇನೆ, ಪೊಲೀಸರಿಗೂ ತಿಳಿಸುತ್ತೇನೆ" ಎಂದರು. ವಾಸಣ್ಣನನ್ನು ಕೇಳಿದರೆ, "ಸದಾನಂದ ಕಣ್ಣು ಬಿಡಲಿ, ಅವನೇ ಹೇಳ್ತಾನೆ" ಎಂದರು. ಹಾಗಾಗಿ ನಾವೆಲ್ಲ ಅವರು ಕಣ್ಣು ಬಿಡುವುದನ್ನೇ ಕಾದೆವು. ಫೈಲನ್ನು ನಾನು ಕೋಡ್ ಹಾಕದೆ ತಡೆದಿಟ್ಟೆ.

ಒಂಬತ್ತನೆಯ ದಿನ ಸದಾನಂದ ಸ್ಪಷ್ಟವಾಗಿ ಮಾತಾಡಿದರು. ಡಾಕ್ಟರು ಬಂದರು. ನಾನು ಮಾತು ದಾಟಿಸುವ ನೆಪದಲ್ಲಿ ಹಾಸಿಗೆಯ ಪಕ್ಕ ನಿಂತೆ. ಆ ದಿನ ಏನಾಯಿತೆಂದು ಡಾಕ್ಟರು ಕೇಳಿದರು.

ಸದಾನಂದ ಯೋಚಿಸಿದರು. ಸೈಕಲ್ಲಿನ ಬೀಗ ತೆಗೆದದ್ದು ನೆನಪಿತ್ತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ತಲೆಗೆ ಪೆಟ್ಟಾದವರಲ್ಲಿ ಇದು ಸಾಮಾನ್ಯ, ಆ ಗಳಿಗೆಯ ನೆನಪು ಮರಳಿ ಬಾರದೆಯೂ ಇರಬಹುದು. ಅವರು ಕಾಲ ಬಳಿ ನಿಂತಿದ್ದವರನ್ನು ನೋಡಿದರು.

"ವಾಸಣ್ಣ ಹಿಂದೆಯೇ ಇದ್ರಲ್ಲ. ಎಂತ ಆದದ್ದು ವಾಸಣ್ಣ?"

ಡಾಕ್ಟರು ಪೆನ್ನು ಹಿಡಿದು ವಾಸಣ್ಣನ ಕಡೆ ತಿರುಗಿದರು. ಮಾತು ಬದಲಾದರೆ ಸ್ಟೇಷನ್ನಿಗೂ ಬಂದು ಹೇಳಿಕೆ ಕೊಡಬೇಕಾದೀತು ಎಂದು ಮೊದಲೇ ತಿಳಿಸಿದರು. ತಿಳಿಸುವುದು ಅವರ ಕರ್ತವ್ಯ. ವಾಸಣ್ಣನ ಮುಖ ಬಿಳಿಚಿಕೊಂಡಿತು.

"ತಾನಾದಾನ್ ವಿಳುಂದಾರ್ ಸಾರ್."

ತಾನಾಗಿಯೇ ಬಿದ್ದರು. ಗಿರಿಜಾಗೆ ಅಷ್ಟು ತಮಿಳು ಆಸ್ಪತ್ರೆಯಲ್ಲಿ ಕಳೆದ ಆ ದಿನಗಳಲ್ಲಿ ಬಂದಿತ್ತು. "ಸುಳ್ಳು ಹೇಳ್ಬೇಡಿ ವಾಸಣ್ಣ!" ಎಂದು ಕೂಗಿದರು. ಸದಾನಂದ ಹೆಂಡತಿಯನ್ನು ಗದರಿಸಿದರು. "ನೀನು ನೋಡಿದ್ದೀಯಾ? ನನ್ನನ್ನು ಹೊತ್ತು ತಂದವರು ಅವರು." ಡಾಕ್ಟರು ನನ್ನನ್ನು ನೋಡಿದರು. ನಾನು ಅಪಘಾತವನ್ನು ಕಂಡವಳಲ್ಲ. ಬೆಂಚಿನ ಮೇಲೆ ಕೇಳಿದ್ದನ್ನು ಹೇಳಲೇ ಎಂದುಕೊಂಡೆ. ಹೇಳದೆಯೇ ಬಾಗಿಲ ಕಡೆಗೆ ಹೊರಟೆ.

ಕಾರಿಡಾರಿನಲ್ಲಿ ವಾಸಣ್ಣ ನನ್ನ ಹಿಂದೆ ಓಡಿಬಂದರು. "ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ಹೇಳಿದ್ರೆ ನನ್ನನ್ನೇ ಒಳಗೆ ಹಾಕ್ತಾರೆ ಮೇಡಂ" ಎಂದು ಗಳಗಳ ಅತ್ತರು. ಹಾಗೆ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ.

ಡಿಸ್ಚಾರ್ಜ್ ದಿನ ಸದಾನಂದರನ್ನು ವೀಲ್‌ಚೇರಿನಲ್ಲಿ ಕೂರಿಸಿ ನಮ್ಮ ವಿಭಾಗದ ಮುಂದಿನಿಂದಲೇ ಲಿಫ್ಟಿಗೆ ಕರೆದೊಯ್ದರು. ತಳ್ಳುತ್ತಿದ್ದವರು ವಾಸಣ್ಣ. ಲಿಫ್ಟಿನ ಮುಂದೆ ನಿಂತಿದ್ದ ನನ್ನನ್ನು ಕಂಡು ಸದಾನಂದ ಕೈ ಮುಗಿದರು.

"ನನ್ನದೇ ತಪ್ಪು ಮೇಡಂ. ರಸ್ತೆ ನೋಡಿ ಹೋಗ್ಬೇಕಿತ್ತು. ನಂದೊಂದು ಅಜಾಗ್ರತೆಯಿಂದ ಇವಳಿಗೆ, ವಾಸಣ್ಣನಿಗೆ, ನಿಮಗೆ ಎಲ್ಲ ತೊಂದರೆ."

ಗಿರಿಜಾ ನನ್ನ ಕೈ ಹಿಡಿದುಕೊಂಡರು. "ನೀವಾದ್ರೂ ಹೇಳಿ ಮೇಡಂ. ನೀವು ಹೇಳಿದ್ರೆ ನಂಬ್ತಾರೆ."

"ಮಾತ್ರೆ ಕರೆಕ್ಟಾಗಿ ತಗೊಳ್ಳಿ" ಎಂದೆ ನಾನು.

ಒಳಗೆ ಬಂದು, ತಡೆದಿಟ್ಟಿದ್ದ ಫೈಲನ್ನು ತೆರೆದು ವಿ 18.4 ಹಾಕಿದೆ. ದಾಖಲೆಗೆ ಅದೇ ಸರಿ. ಆಡಿಟ್‌ನಲ್ಲಿ ಯಾರೂ ಪ್ರಶ್ನೆ ಎತ್ತಲಿಲ್ಲ.

ಆಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಿ ನಿವೃತ್ತಳಾದೆ. ಡಾಕ್ಟರು ಬರೆಯದ್ದನ್ನು ಕೋಡ್ ಮಾಡಬಾರದು ಎಂಬ ನಿಯಮ ಸರಿಯಾದದ್ದೇ, ಇಂದಿಗೂ ಹಾಗೆಯೇ ಹೇಳುತ್ತೇನೆ. ಆದರೆ ಅದು ಫೈಲಿಗೆ ಮಾತ್ರ ಅನ್ವಯಿಸುವ ನಿಯಮ. ಲಿಫ್ಟಿನ ಮುಂದೆ ನನ್ನನ್ನು ಯಾರೂ ಕೋಡ್ ಕೇಳಿರಲಿಲ್ಲ. ತಪ್ಪು ನಿಮ್ಮದಲ್ಲ ಎಂದು ಒಬ್ಬ ಮನುಷ್ಯನಿಗೆ ಹೇಳುವುದಕ್ಕೆ ಯಾವ ಡಾಕ್ಟರ ಸಹಿಯೂ ಬೇಕಿರಲಿಲ್ಲ.